ಕಿಲ್ಟು ತೊಟ್ಟ ಗಂಡನ ಜೊತೆ ಹೊರಟಾಗ

ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ಬೀರುವಿನ ಬಾಗಿಲು ತೆಗೆದದ್ದೇ ತಡ, ನುಸಿಗುಳಿಗೆಯೂ ಹಳೆಯ ಉಣ್ಣೆಯೂ ಬೆರೆತ ವಾಸನೆ ನಾನು ಮಲಗಿದ್ದ ಕೋಣೆಯವರೆಗೂ ಬಂತು. ಬೆಂಗಳೂರಿನಲ್ಲಿ ಈಗ ಸ್ವೆಟರಿಗೇ ಕೆಲಸವಿಲ್ಲ, ಇವರ ಮನೆಯಲ್ಲಿ ಇಷ್ಟು ದಪ್ಪ ಉಣ್ಣೆ ಯಾಕೆ ಎಂದು ನಿಮಗೆ ಅನ್ನಿಸಬಹುದು. ಅದು ಅವರ ಕಿಲ್ಟು, ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವಂಥದ್ದು. ಹಸಿರು ಕಪ್ಪು ಚೌಕಳಿಯದು, ಹಿಂದುಗಡೆಯೆಲ್ಲ ನೆರಿಗೆ, ಮೊಣಕಾಲಿನವರೆಗೆ ಬರುತ್ತದೆ. ಹೊಸದರಲ್ಲಿ ನಾನು ಅದನ್ನು ಲಂಗ ಎಂದು ಕರೆದು, ಸಂಜೆಯವರೆಗೆ ಅವರಿಂದ ಒಂದು ಮಾತೂ ಇಲ್ಲದೆ ಕೂತದ್ದುಂಟು. ಹೆಬ್ಬಗೋಡಿಯ ಮದುವೆಯೊಂದರಲ್ಲಿ ವಾದ್ಯ ನುಡಿಸಲು ಅದನ್ನು ತೆಗೆದುಕೊಂಡು ಹೋಗಿದ್ದಾರೆ. ನಾನು ಕಾಲು ಉಳುಕಿಸಿಕೊಂಡು ಮನೆಯಲ್ಲಿದ್ದೇನೆ. ನಾನು ಜೊತೆ ಹೋಗಲು ಶುರು ಮಾಡಿದ ಮೇಲೆ, ಅವರು ಕಿಲ್ಟು ತೊಡುವ ಕಾರ್ಯಕ್ರಮವೊಂದನ್ನು ತಪ್ಪಿಸಿಕೊಂಡದ್ದು ಇದೇ ಮೊದಲು.

ಅವರು ಬೆಳಗಾವಿ ಕಡೆಯವರು. ಮೀಸೆ ಬರುವ ಹೊತ್ತಿಗೇ ಸೈನ್ಯ ಸೇರಿ ಅಲ್ಲಿನ ಬ್ಯಾಂಡಿನಲ್ಲಿ, ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪ್ ಕಲಿತವರು. ಆಮೇಲೆ ಹೂಡಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿಗೆ ಸೇರಿ, ನಿವೃತ್ತಿಯವರೆಗೂ ಗೇಟು ಕಾದರು. ವಾದ್ಯ ಮಂಚದ ಕೆಳಗೆ ಮಲಗಿತ್ತು. ನಿವೃತ್ತಿಯಾಗಿ ಮನೆಯಲ್ಲಿ ಕೂತು ಪೇಪರಿನ ಜಾಹೀರಾತುಗಳನ್ನೂ ಬಿಡದೆ ಓದುತ್ತಿದ್ದ ಕಾಲದಲ್ಲಿ, ಸೈನ್ಯದ ಹಳೆಯ ಗೆಳೆಯರೊಬ್ಬರು ಮದುವೆಯೊಂದರ ಬಾಗಿಲಲ್ಲಿ ನುಡಿಸಲು ಕರೆದರು. ಈಗ ವೈಟ್‌ಫೀಲ್ಡ್ ಕಡೆಯ ಮದುವೆಗಳಲ್ಲಿ ಓಲಗದ ಜೊತೆಗೆ ಇದೂ ಒಂದು ಶೋಕಿ. ಹಾಗೆ ಶುರುವಾಯಿತು.

ಅದರ ಜೊತೆಗೇ ನನ್ನ ಅನುಮಾನವೂ ಶುರುವಾಯಿತು. ನಾನು ಹುಟ್ಟಾ ಅನುಮಾನದವಳು, ಒಪ್ಪಿಕೊಳ್ಳುತ್ತೇನೆ. ಎಳನೀರಿನವನು ಆರಿಸಿದ ಕಾಯಿಯನ್ನು ಅಲ್ಲಾಡಿಸಿ ನೋಡದೆ ಕೆತ್ತಲು ಬಿಡುವುದಿಲ್ಲ. ಅಂಥವಳ ಎದುರಿಗೆ, ವರ್ಷಗಟ್ಟಲೆ ಕನ್ನಡಿ ನೋಡದ ಗಂಡ ಮೀಸೆಗೆ ಕತ್ತರಿ ಹಿಡಿಯತೊಡಗಿದರೆ ಏನಾಗಬೇಕು? ಮೇಲಾಗಿ ಫೋನು. ಬಂದ ಕೂಡಲೇ ಎದ್ದು ಬಾಲ್ಕನಿಗೆ ಹೋಗಿ, ಗಿಡಗಳ ಕಡೆ ಮುಖ ಮಾಡಿ ಮೆಲ್ಲಗೆ ಮಾತಾಡುವುದು.

"ಯಾರ್ರೀ ಅದು?" ಎಂದೆ ಒಂದು ದಿನ.

"ಶ್ರುತಿ ಮೇಡಂ. ಪ್ರೋಗ್ರಾಂ ಎಲ್ಲಾ ಆಕೀನ ನೋಡ್ಕೋತಾಳ," ಎಂದರು.

"ಪ್ರೋಗ್ರಾಂ ವಿಷಯಕ್ಕೆ ಬಾಲ್ಕನಿ ಯಾಕೆ?"

"ಒಳಗ ಸಿಗ್ನಲ್ ಬರಂಗಿಲ್ಲ."

ಒಳಗೆ ನನ್ನ ಫೋನಿಗೆ ಸಿಗ್ನಲ್ ಚೆನ್ನಾಗಿಯೇ ಬರುತ್ತಿತ್ತು. ಮುಂದಿನ ಕಾರ್ಯಕ್ರಮಕ್ಕೆ ನಾನೂ ಬರ್ತೀನಿ ಅಂದೆ. ಬೇಡ ಅನ್ನುತ್ತಾರೆ, ಆಗ ಹಿಡಿದುಕೊಳ್ಳೋಣ ಎಂದು ಕಾದೆ. ಅವರು, "ಬಾ, ಛಲೋ ಆತು," ಎಂದುಬಿಟ್ಟರು. ಅದೂ ನನಗೆ ಅನುಮಾನವೇ.

ಆದರೆ ಕಿಲ್ಟು ತೊಟ್ಟ ಗಂಡಸಿನ ಜೊತೆ ಹೋಗುವಾಗ ಹೆಂಗಸು ಏನು ಉಡಬೇಕು? ಯಾರನ್ನು ಕೇಳಲಿ? ನಮ್ಮ ಅತ್ತೆ ಮಾವನವರ ಪಂಚೆಯ ಜೊತೆ ಬಾಳಿದವರು. ಮೊದಲ ಸಲ ನಾನು ಹಸಿರು ಅಂಚಿನ ಮೈಸೂರು ಸಿಲ್ಕು ಉಟ್ಟೆ. ಕಲ್ಯಾಣಮಂಟಪದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ಪನ್ನೀರು ಚಿಮುಕಿಸಿ, ಕುಂಕುಮ ಕೊಟ್ಟು, "ಗಂಡಿನ ಕಡೆಯೋರಾ? ಬನ್ನಿ, ಊಟಕ್ಕೆ ಎದ್ದಿದಾರೆ," ಎಂದು ಕೈ ಹಿಡಿದು ಕರೆದುಕೊಂಡು ಹೋದರು. ನಾನು ಹೋಳಿಗೆ ತಿನ್ನುತ್ತಾ ಕೂತೆ. ಯಾರ ಮೇಲೆ ಕಣ್ಣಿಡಲು ಬಂದಿದ್ದೆನೋ ಅವರು ಹೊರಗೆ ಉಳಿದರು. ಮುಂದಿನ ಸಲ ಹುಷಾರಾಗಿ ಮಾಸಲು ಬಣ್ಣದ ಕಾಟನ್ ಸೀರೆ ಉಟ್ಟರೆ, ಒಬ್ಬ ಹೆಂಗಸು ಚೆಲ್ಲಿದ ಜ್ಯೂಸು ತೋರಿಸಿ ಒರೆಸಮ್ಮಾ ಎಂದಳು. ನಾನು ಒರೆಸಲಿಲ್ಲ. ಆದರೆ ಅಲ್ಲಿಂದ ಮುಂದೆ ಸಿಲ್ಕಿಗೇ ಮರಳಿದೆ. ಕಾಲಿಗೆ ಮಾತ್ರ ಕ್ಯಾನ್ವಾಸ್ ಶೂ. ಹಿಮ್ಮಡಿ ನೋವಿನವಳು, ಮೆಟ್ರೋದಿಂದ ನಡೆಯಬೇಕಲ್ಲ. ಯಾರಿಗೂ ಕಾಣದ ಹಾಗೆ ಸೀರೆಯನ್ನು ನೆಲ ಮುಟ್ಟುವಂತೆ ಇಳಿಬಿಡುತ್ತಿದ್ದೆ.

ಶ್ರುತಿಯನ್ನೂ ಕಂಡೆ. ನಮ್ಮ ಮಗಳ ವಯಸ್ಸು, ಕಿವಿಗೊಂದು ವೈರು, ಕತ್ತಿಗೊಂದು ಬ್ಯಾಡ್ಜು, ಸದಾ ಓಡಾಟ. ವಯಸ್ಸು ನೋಡಿ ಒಂದು ಅನುಮಾನ ತಣ್ಣಗಾಯಿತು, ಇನ್ನೊಂದು ಎದ್ದಿತು. ಪ್ರತಿ ಸಲವೂ ಅವಳು ನನಗೊಂದು ಕುರ್ಚಿ ಹಾಕಿಸುತ್ತಿದ್ದಳು, ಆದರೆ ಯಾವಾಗಲೂ ಇವರ ಹಿಂದುಗಡೆ. ಮುಂದೆ ಅಷ್ಟು ಕುರ್ಚಿ ಖಾಲಿ ಇದ್ದರೂ ನನಗೆ ಗಂಡನ ಬೆನ್ನೇ ಗತಿ. ಈ ಮುದುಕಿ ಫೋಟೋದಲ್ಲಿ ಬೀಳುವುದು ಬೇಡ ಅಂತ ಲೆಕ್ಕ ಹಾಕಿದ್ದಾಳೆ ಎಂದುಕೊಂಡೆ.

ಹೀಗಿರುವಾಗ ವೈಟ್‌ಫೀಲ್ಡಿನ ಒಂದು ಕಂಪನಿಯ ಸಮಾರಂಭ ಬಂತು. ಸ್ಕಾಟ್ಲೆಂಡಿನಿಂದ ದೊಡ್ಡ ಸಾಹೇಬರೊಬ್ಬರು ಹೆಂಡತಿಯ ಜೊತೆ ಬರುತ್ತಾರೆ, ಅವರನ್ನು ಬ್ಯಾಗ್‌ಪೈಪ್ ನುಡಿಸಿ ಬರಮಾಡಿಕೊಳ್ಳಬೇಕು. ಸಾಹೇಬರೂ ಕಿಲ್ಟಿನಲ್ಲೇ ಇಳಿದರು, ಕೆಂಪು ಚೌಕಳಿಯದು. ಅವರ ಹೆಂಡತಿ ಎತ್ತರದ ಆಳು, ಬಿಳಿ ಕೂದಲು. ನೆಲ ಮುಟ್ಟುವ ಕಡುನೀಲಿ ನಿಲುವಂಗಿ, ಹೆಗಲ ಮೇಲೆ ಅದೇ ಕೆಂಪು ಚೌಕಳಿಯ ಒಂದು ಪಟ್ಟಿಯನ್ನು ಪಿನ್ನು ಹಾಕಿ ಸಿಕ್ಕಿಸಿದ್ದರು. ಓ, ಇವರು ಹೀಗೆ ಉಡುತ್ತಾರೆ ಎಂದು ನೋಡಿಕೊಂಡೆ.

ಆದರೆ ಆಕೆ ನೋಡುತ್ತಿದ್ದದ್ದು ನಮ್ಮವರನ್ನು. ಸಾಹೇಬರು ಹಾರ ಹಾಕಿಸಿಕೊಂಡು ನಗುತ್ತಿದ್ದರೆ, ಆಕೆಯ ಕಣ್ಣು ನಮ್ಮವರ ಕಾಲಿನ ಹತ್ತಿರವೇ ಸುಳಿಯುತ್ತಿತ್ತು. ಒಮ್ಮೆ ಆಕಸ್ಮಿಕ ಎಂದುಕೊಂಡೆ. ಮತ್ತೆ ಮತ್ತೆ ನೋಡಿದಾಗ ನನ್ನ ಮೈ ಉರಿಯಿತು. ಅಷ್ಟು ದೂರದಿಂದ ಬಂದು, ಪಕ್ಕದಲ್ಲಿ ಸ್ವಂತ ಗಂಡನನ್ನು ಇಟ್ಟುಕೊಂಡು, ಇದೇನು ನೋಟ?

ಆಕೆಯ ಮೇಲೆ ಕಣ್ಣಿಟ್ಟು ಕೂತವಳಿಗೆ ಹತ್ತಿರದಲ್ಲೇ ಆಗುತ್ತಿದ್ದದ್ದು ಕಾಣಲಿಲ್ಲ. ಕಂಪನಿಯ ನಾಲ್ಕಾರು ಹುಡುಗರು ಹಿಂದಿನಿಂದ ಗುಂಪಾಗಿ ಬಂದಿದ್ದರು. ಕಿಸಿಕಿಸಿ ನಗು ಕೇಳಿ ತಿರುಗಿದೆ. ಅವರಲ್ಲೊಬ್ಬ ಕೋಲಿನ ತುದಿಗೆ ಫೋನು ಸಿಕ್ಕಿಸಿ, ಹುಲ್ಲಿನ ಮೇಲೆ ತೆವಳಿಸಿದ ಹಾಗೆ, ನಮ್ಮವರ ಕಿಲ್ಟಿನ ಕೆಳಗೆ ಚಾಚುತ್ತಿದ್ದ.

ಬ್ಯಾಗ್‌ಪೈಪ್ ನುಡಿಸುವವರ ಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಎರಡು ಕೈಯ ಬೆರಳುಗಳೂ ಕೊಳಲಿನ ತೂತುಗಳ ಮೇಲೆ, ಕಂಕುಳಲ್ಲಿ ಗಾಳಿಯ ಚೀಲ, ಬಾಯಲ್ಲಿ ಊದುವ ನಳಿಗೆ. ಕಿಲ್ಟನ್ನು ಹಿಡಿದುಕೊಳ್ಳಲು ಕೈಯಿಲ್ಲ, ಬೇಡ ಎನ್ನಲು ಬಾಯಿಲ್ಲ. ಒಳಗೆ ಕಪ್ಪು ಚಡ್ಡಿ ಇತ್ತು, ಒಗೆಯುವವಳು ನಾನೇ. ಆದರೆ ಪ್ರಶ್ನೆ ಚಡ್ಡಿಯದಲ್ಲ. ಆ ಕ್ಷಣ ಅವರ ವಾದ್ಯದ ಸ್ವರ ಸಣ್ಣಗೆ ನಡುಗಿತು. ಆಗುತ್ತಿರುವುದು ಅವರಿಗೆ ಗೊತ್ತಿತ್ತು.

ನಾನು ಕುರ್ಚಿ ಬಿಟ್ಟೆದ್ದು ಮಧ್ಯೆ ನಿಂತು, ಸೆರಗನ್ನು ಎರಡು ಕೈಯಲ್ಲಿ ಅಗಲಕ್ಕೆ ಹಿಡಿದೆ. ಅಷ್ಟರಲ್ಲಿ ಆ ಕಡೆಯಿಂದ ಇನ್ನೊಬ್ಬರು ಓಡಿ ಬಂದರು. ಸಾಹೇಬರ ಹೆಂಡತಿ, ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು. ಕಾಲಿಗೆ ಕ್ಯಾನ್ವಾಸ್ ಶೂ. ಆಕೆ ಹುಡುಗನ ಎದುರು ನಿಂತು ಅಂಗೈ ಚಾಚಿದರು.

"ಸುಮ್ನೆ ಜೋಕು ಆಂಟಿ. ಒಳಗೇನಿದೆ ಅಂತ ನಮ್ಮಲ್ಲೇ ಬೆಟ್ ಆಗಿತ್ತು," ಎಂದ ಹುಡುಗ ನನಗೆ.

"ನಿಮ್ಮಪ್ಪನ ಪಂಚೆ ಕೆಳಗೂ ಹಿಂಗೇ ಹಿಡೀತೀಯೇನಪ್ಪಾ?" ಎಂದೆ.

ಅವನ ಮುಖ ಕೆಂಪಾಯಿತು. ಫೋನು ಕೊಟ್ಟ. ಆಕೆ ನನ್ನನ್ನು ಪಕ್ಕಕ್ಕೆ ಕರೆದು, ನಾನೂ ನೋಡುವ ಹಾಗೆ ಅದರಲ್ಲಿದ್ದ ವಿಡಿಯೋ ಅಳಿಸಿ, ಫೋನು ಅವನಿಗೆ ವಾಪಸು ಕೊಟ್ಟರು.

ಆಮೇಲೆ ನಾವಿಬ್ಬರೂ ಮಾತಾಡಿದೆವು. ನಿಧಾನಕ್ಕೆ ಹೇಳಿದರೆ ಇಂಗ್ಲಿಷು ನನಗೆ ತಿಳಿಯುತ್ತದೆ. ಮದುವೆಯಾದಾಗಿನಿಂದ ಗಂಡನ ಕಿಲ್ಟು ಕಾಯುವುದೇ ನನ್ನ ಕೆಲಸ ಎಂದರು ಆಕೆ. ಯಾವ ಊರಿಗೆ ಹೋದರೂ ಇಂಥವನೊಬ್ಬ ಇದ್ದೇ ಇರುತ್ತಾನಂತೆ. ಆಕೆ ಅಷ್ಟು ಹೊತ್ತೂ ನೋಡುತ್ತಿದ್ದದ್ದು ನಮ್ಮವರ ಕಾಲನ್ನಲ್ಲ, ಆ ಕಾಲಿನ ಹಿಂದೆ ಸುಳಿಯುತ್ತಿದ್ದ ಹುಡುಗರನ್ನು. ನನ್ನ ಸೆರಗು ಮುಟ್ಟಿ ನೋಡಿ, ಅಡ್ಡ ಹಿಡಿಯಲು ಇದು ನಮ್ಮ ಉಡುಪಿಗಿಂತ ಎಷ್ಟೋ ಅನುಕೂಲ ಎಂದರು. ನಾನು ಸೀರೆಯನ್ನು ಸ್ವಲ್ಪ ಎತ್ತಿ ನನ್ನ ಶೂ ತೋರಿಸಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಹೊರಡುವಾಗ ಶ್ರುತಿ ಬಂದು ಮತ್ತೆ ಮತ್ತೆ ಕ್ಷಮೆ ಕೇಳಿದಳು. "ಅಂಕಲ್ ಅದಕ್ಕೇ ಪ್ರತಿ ಸಲ ನಾನು ಫೋನ್ ಮಾಡ್ದಾಗ ಹೇಳ್ತಾರೆ ಆಂಟಿ, ಮೊದ್ಲು ನನ್ನ ಹಿಂದೆ ಯಾರನ್ನಾದ್ರೂ ನಿಲ್ಸಿ ಅಂತಿದ್ರು, ನೀವು ಬರೋಕೆ ಶುರು ಮಾಡಿದ್ಮೇಲೆ ನಮ್ಮ ಮನೆಯೋರಿಗೆ ಕುರ್ಚಿ ನನ್ನ ಹಿಂದೇನೇ ಹಾಕ್ಸಿ ಅಂತ. ನಾನು ಯಾಕೋ ಏನೋ ಅನ್ಕೊಂಡಿದ್ದೆ," ಎಂದಳು.

ಮೆಟ್ರೋದಲ್ಲಿ ಅವರು ಪ್ಯಾಂಟು ಶರಟಿನಲ್ಲಿ, ವಾದ್ಯದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಬಾಲ್ಕನಿಗೆ ಹೋಗಿ ಹೇಳೋ ವಿಷಯಾನಾ ಅದು? ನನಗೇ ಹೇಳಬಹುದಿತ್ತಲ್ಲ," ಎಂದೆ.

"ಏನಂತ ಹೇಳ್ಲಿ?" ಎಂದು ಕಿಟಕಿಯ ಕಡೆ ತಿರುಗಿದರು. ಆ ಕಡೆಯೇ ನೋಡುತ್ತಾ, "ನನಗ ಅಂಜಿಕಿ ಆಕ್ಕೈತಿ ಅಂತ ಹೇಳ್ಲೇನು?" ಎಂದರು.

ಅಷ್ಟು ವರ್ಷ ಗೇಟು ಕಾದ ಮನುಷ್ಯ. ಅವರ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಚೀಲದ ಒಂದು ಪಕ್ಕವನ್ನು ನನ್ನ ತೊಡೆಗೆ ಎಳೆದುಕೊಂಡೆ. ನನ್ನ ಅನುಮಾನ ಅವತ್ತಿಗೆ ಮುಗಿಯಿತು ಎಂದುಕೊಳ್ಳಬೇಡಿ. ಅವರ ಮೇಲಿನದು ಹೋಯಿತು. ಉಳಿದವರೆಲ್ಲರ ಮೇಲಿನದು ದುಪ್ಪಟ್ಟಾಯಿತು.

ಇವತ್ತು ಮಧ್ಯಾಹ್ನ ಮುಹೂರ್ತದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಕಾಲು ದಿಂಬಿನ ಮೇಲೆ, ಮನಸ್ಸು ಹೆಬ್ಬಗೋಡಿಯಲ್ಲಿ. ಕೊನೆಗೆ ಶ್ರುತಿಗೇ ಫೋನು ಮಾಡಿದೆ. ತೆಗೆದಾಗ ಬ್ಯಾಗ್‌ಪೈಪು ನನ್ನ ಕಿವಿಯಲ್ಲೇ ನುಡಿದಷ್ಟು ಜೋರಾಗಿ ಕೇಳಿತು.

"ಎಲ್ಲಿದೀಯಮ್ಮಾ?" ಎಂದೆ.

"ಇಲ್ಲೇ ಆಂಟಿ, ಅಂಕಲ್ ಹಿಂದೆ ನಿಮ್ಮ ಕುರ್ಚೀಲಿ ಕೂತಿದೀನಿ. ಬೆಳಿಗ್ಗೆಯಿಂದ ಎದ್ದಿಲ್ಲ."

"ಏನು ಹಾಕ್ಕೊಂಡಿದೀಯಾ?" ಎಂದು ಕೇಳಿಬಿಟ್ಟೆ.

"ಜೀನ್ಸು, ಮಾಮೂಲಿ. ಯಾಕಾಂಟಿ?"

"ಏನಿಲ್ಲ ಕಣಮ್ಮಾ. ಸಾಕು ಅದು. ನೀನು ಫೋನ್ ಇಡು, ಆ ಕಡೆ ನೋಡು," ಎಂದೆ.