ಲೈನ್ಸ್ ಚೆನ್ನಾಗಿವೆ

ನಾನು ರೈಟರ್. ಹೀಗೆಂದರೆ ಕೊಡಗಿನವರು ಸರಿಯಾಗಿಯೇ ತಿಳಿದುಕೊಳ್ಳುತ್ತಾರೆ: ಬೆಳಿಗ್ಗೆ ಲೈನ್‌ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ, ಮುಂದೆ ನಿಂತು ಆಳುಗಳ ಹೆಸರು ಕೂಗುವ ಎಸ್ಟೇಟ್ ಗುಮಾಸ್ತ. ಇಂಗ್ಲೆಂಡ್ ಸೀಮೆಯಿಂದ ಹೊಸದಾಗಿ ಬಂದ ದೊರೆಸಾನಿ, ನಮ್ಮ ಎಸ್ಟೇಟ್ ದೊರೆಯ ತಂಗಿ, ಮಾತ್ರ ನಾನು ಪುಸ್ತಕ ಬರೆಯುವವನೆಂದು ನಂಬಿಬಿಟ್ಟರು. ತಿದ್ದಬೇಕಿತ್ತು. ಆ ಗೌರವ ನಾಲ್ಕು ದಿನ ಇರಲಿ ಎಂದುಕೊಂಡೆ; ಅನುಭವಿಸಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹುದಿಕೇರಿ ಕಡೆಯ ನಮ್ಮ ಎಸ್ಟೇಟಿನ ಆಫೀಸಿನಲ್ಲಿ ನನ್ನ ಹೆಂಡತಿ ದೇವಕಿ ಪೆನ್ಸಿಲಿನಲ್ಲಿ ಬರೆದ ಚಿತ್ರವೊಂದನ್ನು ಅಂಟಿಸಿದ್ದೆ: ಕೊಂಬು ಊದುವ ಮುದುಕ, ಹಿಂದೆ ಲೈನ್‌ಮನೆಯ ಮಾಡಿನ ತುದಿ. ದೊರೆಸಾನಿ ಅದನ್ನು ನೋಡಿ, ಮಡಿಕೇರಿಯಲ್ಲಿ ಚಿತ್ರಪ್ರದರ್ಶನ ಮಾಡುತ್ತಿದ್ದೇನೆ, ಭಾನುವಾರ ಇಬ್ಬರೂ ಬಂಗಲೆಗೆ ಬನ್ನಿ, ಈ ಚಿತ್ರದ ಬಗ್ಗೆಯೂ ಆ ಕೊಂಬಿನ ಸಂಗೀತದ ಬಗ್ಗೆಯೂ ಮಾತಾಡೋಣ ಎಂದರು. ದೇವಕಿಗೆ ಅಂದಿನಿಂದ ಊಟ ಸೇರಲಿಲ್ಲ. ವರ್ಷಗಟ್ಟಲೆ ಅಕ್ಕಿಡಬ್ಬದ ಹಿಂದೆ ಕಾಗದ ಬಚ್ಚಿಟ್ಟು ಬರೆದವಳು. ತನ್ನ ಚಿತ್ರವನ್ನು ನಾಲ್ಕು ಜನ ನೋಡಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದೀಗ ನನ್ನ ಇಂಗ್ಲಿಷಿನ ಕೈಯಲ್ಲಿತ್ತು.

ಊರಿನ ಶಾಲೆಯ ಹೆಡ್‌ಮಾಸ್ಟರರಿಂದ ಕಲೆ, ಸಂಗೀತಗಳ ಪದಕೋಶ ತಂದೆ. ಆ ಭಾಷೆಗೆ ಬುದ್ಧಿ ಇದೆಯೇ, ನೀವೇ ಹೇಳಿ. ಚಿತ್ರಕ್ಕೆ ರಿದಮ್ ಇರಬೇಕಂತೆ, ಹಾಡಿಗೆ ಕಲರ್ ಇರಬೇಕಂತೆ. ಒಬ್ಬರ ಅಂಗಿ ಇನ್ನೊಬ್ಬರಿಗೆ ತೊಡಿಸಿ ಕೂತಿದ್ದಾರೆ. ಕತ್ತಿ ಶಾರ್ಪ್ ಆಗಿದ್ದರೆ ಒಳ್ಳೆಯದು, ಸ್ವರ ಶಾರ್ಪ್ ಆದರೆ ಕೆಟ್ಟದ್ದು. ಕಾಫಿ ಒಣಗಿಸುವ ಕಣ ಫ್ಲ್ಯಾಟ್ ಇಲ್ಲದಿದ್ದರೆ ದೊರೆ ಬೈಯುತ್ತಾರೆ, ಹಾಡು ಫ್ಲ್ಯಾಟ್ ಆದರೆ ದೊರೆಸಾನಿ ಮುಖ ಕಿವುಚುತ್ತಾರೆ. ಸ್ಟಿಲ್ ಲೈಫ್ ಎಂದರೆ ಇನ್ನೂ ಜೀವ ಇದೆ ಎಂದುಕೊಂಡಿದ್ದೆ. ನೋಡಿದರೆ ಕೊಯ್ದ ಕುಂಬಳಕಾಯಿ, ಸತ್ತ ಮೀನು. ಟೋನ್ ಎಂಬುದಂತೂ ಚಿತ್ರದಲ್ಲೂ ಹಾಜರು, ಹಾಡಿನಲ್ಲೂ ಹಾಜರು. ಹೀಗೆ ಎರಡು ಕಡೆ ಹೆಸರು ಕೊಟ್ಟ ಆಳನ್ನು ನಾನಾದರೆ ಅಲ್ಲೇ ಹಿಡಿಯುತ್ತಿದ್ದೆ. ನಮ್ಮ ಅರೆಭಾಷೆಯಲ್ಲಿ 'ಚೆಂದ ಉಟ್ಟು', ಚೆಂದ ಇದೆ, ಎಂದರೆ ಮುಗಿಯಿತು. ಆದರೂ ದೇವಕಿಯ ಮುಖ ನೋಡಿ, ಹಲ್ಲು ಕಚ್ಚಿ ನೂರು ಪದ ಬಾಯಿಪಾಠ ಮಾಡಿದೆ.

ಭಾನುವಾರ ದೊರೆಸಾನಿ ಚಿತ್ರದ ಮೇಲೆ ಬೆರಳಾಡಿಸಿ ಹೇಳಿದ್ದು ಇಷ್ಟೇ: ಲೈನ್ಸ್ ಬಹಳ ಚೆನ್ನಾಗಿವೆ, ಇಂಥ ಲೈನ್ಸ್ ಇರುವ ದೊಡ್ಡ ಚಿತ್ರವೊಂದನ್ನು ತಂದರೆ ಪ್ರದರ್ಶನಕ್ಕೆ ಇಡುತ್ತೇನೆ. ಕಲಿತ ನೂರರಲ್ಲಿ ಒಂದೂ ಬೇಕಾಗಲಿಲ್ಲ. ಲೈನ್ಸ್ ನನಗೆ ಗೊತ್ತಿಲ್ಲದ ಪದವೇ? ದಿನಾ ಅದರ ಮುಂದೆ ನಿಲ್ಲುವವನು. ಅವರಿಗೆ ಲೈನ್‌ಮನೆಗಳು ಬೇಕಂತೆ ಎಂದು ದೇವಕಿಗೆ ಹೇಳಿದೆ.

"ಲೈನ್‌ಲಿ ಚೆಂದ ಎಂತ ಉಟ್ಟು?" ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ.

ಎಂಟು ದಿನ ಅಲ್ಲೇ ಹೋಗಿ ಕೂತಳು. ಹೊಗೆ ಹಿಡಿದ ಬಾಗಿಲುಗಳು, ಗೋಡೆಗೆ ತೂಗುಹಾಕಿದ ಬುಟ್ಟಿಗಳು, ಕಾಫಿ ಹಣ್ಣಿನ ಪಿಕಿಂಗ್ ಮುಗಿಸಿ ಬಂದು ಮೆಟ್ಟಿಲ ಮೇಲೆ ಕಾಲು ತಿಕ್ಕಿಕೊಳ್ಳುವ ಹೆಂಗಸು. ಹತ್ತು ವರ್ಷದಿಂದ ನಾನು ಹೆಸರು ಕೂಗಿದ ಹೆಂಗಸು. ಅವಳ ಮುಖ ಹಾಗಿದೆಯೆಂದು ನನಗೆ ಗೊತ್ತಾದದ್ದು ಆ ಕಾಗದದಲ್ಲಿ.

ದೊರೆಸಾನಿ ಬಹಳ ಹೊತ್ತು ನೋಡಿ, ಇದು ಎಲ್ಲಿಯದು ಎಂದು ಕೇಳಿದರು. ನೀವು ಕೇಳಿದ ಲೈನ್ಸ್, ಇದೇ ಗುಡ್ಡದ ಕೆಳಗೆ ಎಂದೆ. ಮೊದಲು ನಕ್ಕರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಒಂದು ಗೆರೆ ಎಳೆದು, ನಾನು ಕೇಳಿದ್ದು ಇದನ್ನು ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವರು ಮತ್ತೆ ಚಿತ್ರದತ್ತ ತಿರುಗಿ, ಮೂರು ತಿಂಗಳಿಂದ ಇಲ್ಲಿದ್ದೂ ಇದನ್ನು ನೋಡಿಲ್ಲ ಎಂದು ಮೆಲ್ಲಗೆ ಹೇಳಿ, ಮಡಿಕೇರಿಗೆ ಕಳಿಸಬೇಕಾದ ಚಿತ್ರಗಳ ಮೇಲೆ ಅದನ್ನಿಟ್ಟರು.

ಮನೆಗೆ ನಡೆಯುವಾಗ ದೇವಕಿಗೆ ತಪ್ಪೊಪ್ಪಿಕೊಂಡೆ. ಅವರು ಬೇಕೆಂದದ್ದು ಬರೀ ಗೆರೆ, ನಾನು ನಿನ್ನನ್ನು ಎಂಟು ದಿನ ಬಿಸಿಲಲ್ಲಿ ಕೂರಿಸಿದೆ ಎಂದೆ.

"ಗೆರೆ ಎಳೆಯದೆ ಲೈನ್‌ಮನೆ ಬರೆಯದು ಹೆಂಗೆ?" ಎಂದಳು.

ಪದಕೋಶವನ್ನು ಮರುದಿನವೇ ಹಿಂತಿರುಗಿಸಿದೆ. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ರೈಟ್ ಬೇರೆ, ಚಿತ್ರಕ್ಕೆ ಡ್ರಾ ಬೇರೆ. ನಾವು ಚಿತ್ರವನ್ನೂ ಬರೆಯುತ್ತೇವೆ. ಹಾಗೆ ನೋಡಿದರೆ ದೊರೆಸಾನಿ ತಿಳಿದದ್ದು ಪೂರ್ತಿ ತಪ್ಪಲ್ಲ. ನಮ್ಮ ಮನೆಯಲ್ಲಿ ರೈಟರ್ ಇದ್ದದ್ದು ನಿಜ, ಅದು ನಾನಲ್ಲ ಅಷ್ಟೆ.