ಸಿಸ್ಟರ್ ಕೊಟ್ಟ ಕನ್ನಡಿ

ಗಿಡ್ಡ ಸ್ಟೂಲಿನ ಮೇಲೆ ಕೂತು, ಕನ್ನಡಕವನ್ನು ನರೆತ ಕೂದಲಿಗೆ ಏರಿಸಿ, ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಸಿಸ್ಟರ್ ನಮ್ಮ ಪಾದವನ್ನು ಅದರ ಮೇಲೆ ಎತ್ತಿಟ್ಟುಕೊಳ್ಳುತ್ತಿದ್ದರು. ನಾಸಿಕ್‌ನ ಆ ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನಲ್ಲಿ ಅದು ಅವರ ನಿತ್ಯದ ಕೆಲಸ. ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ಬಂದಿದ್ದ ನಾನು ಮೊದಲ ಸಲ ಕಾಲು ಹಿಂದೆಳೆದುಕೊಂಡೆ. ತಾಯಿಯ ವಯಸ್ಸಿನವರ ತೊಡೆಯ ಮೇಲೆ ಕಾಲಿಡುವುದೇ? ವಿಜಯಪುರದ ಕಡೆಯವರಾದ ಅವರು ನನ್ನ ಧಾಟಿ ಕೇಳಿಯೇ ಕನ್ನಡಕ್ಕೆ ಹೊರಳಿದರು. "ಪಾಪ ಬಂದ್ರ ನನಗ ಬರಲಿ, ಕಾಲು ಇಲ್ಲಿಡ್ರಿ."

ಅವರು ಎಂದೂ ಗದರುತ್ತಿರಲಿಲ್ಲ, ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಬೇಕು, ಸಂಜೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ನೋಡಿದೆ ಎಂದರೆ ಸಾಲದು, ಏನು ಕಂಡಿತು ಎಂದು ಕೇಳುತ್ತಿದ್ದರು.

ಆ ಶ್ರಾವಣದಲ್ಲಿ ತ್ರ್ಯಂಬಕೇಶ್ವರದ ಬೆಟ್ಟಕ್ಕೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವ ಹರಕೆ ನನಗಿತ್ತು. ಯಜಮಾನರು ದೊಡ್ಡ ಆಪರೇಷನ್ನಿನಿಂದ ಬದುಕಿ ಬಂದಿದ್ದರು. ಹರಕೆ ತಪ್ಪಿದರೆ ಅವರಿಗೇನಾಗುವುದೋ ಎಂಬ ಭಯ. ಇದನ್ನು ಕೇಳಿದ ಸಿಸ್ಟರ್, ಕಣ್ಣು ಮುಚ್ಚಿಕೊಂಡು ಪಾದಕ್ಕೆ ಏನಾದರೂ ತಾಗಿದಾಗ ಹೇಳಿ ಎಂದರು. ಕಾದು ಕಾದು, ಇನ್ನೂ ಶುರು ಮಾಡಿಲ್ಲವೇ ಎಂದೆ. ಕಣ್ಣು ತೆರೆದರೆ ನೈಲಾನ್ ಎಳೆಯೊಂದು ನನ್ನ ಹೆಬ್ಬೆರಳಿಗೆ ಒತ್ತಿ ಬಾಗಿ ನಿಂತಿತ್ತು. ಪಾದ ಮರಗಟ್ಟಿದ್ದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

"ಹೋಗಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ," ಎಂದರು. "ದೇವರಿಗೆ ನಡಿಗಿ ಕೊಡ್ರಿ, ಬೆರಳು ಕೊಡಬ್ಯಾಡ್ರಿ. ಮುಂದಿಂದು ನಿಮ್ಮ ಕೈಯಾಗೈತಿ." ತಮ್ಮ ಪರ್ಸಿನ ಪುಟ್ಟ ಕನ್ನಡಿಯನ್ನು ನನ್ನ ಕೈಗಿತ್ತರು.

ಬೂಟು ಹಾಕಿಕೊಂಡೇ ನಡೆದೆ. ಬರಿಗಾಲಿನವರ ನಡುವೆ ನಾಚಿಕೆಯಿಂದ ಹಿಡಿಯಷ್ಟಾದೆ. ಆದರೂ ಕೂತಲ್ಲೆಲ್ಲ ಬೂಟು ಬಿಚ್ಚಿ ಅಂಗಾಲಿಗೆ ಕನ್ನಡಿ ಹಿಡಿದೆ. ಅರ್ಧ ದಾರಿಯಲ್ಲಿ ಕಾಲುಚೀಲಕ್ಕೆ ರಕ್ತ ಅಂಟಿತ್ತು. ಒಳಗೆ ಹೊಕ್ಕ ಹರಳೊಂದು ಕೊಯ್ದಿತ್ತು, ನೋವೇ ಇರಲಿಲ್ಲ. ದೇವರಲ್ಲಿ ತಪ್ಪಾಯಿತು ಎಂದು ಕೈಮುಗಿದು, ಜೀಪು ಹತ್ತಿ ಸೀದಾ ಕ್ಲಿನಿಕ್ಕಿಗೆ ಬಂದೆ. ಗಾಯ ಪೂರ್ತಿ ಮಾಯ್ದ ಮೇಲೆ ಉಳಿದರ್ಧವನ್ನೂ ಬೂಟಿನಲ್ಲೇ ನಡೆದು ಮುಗಿಸಿದೆ. ಯಜಮಾನರು ಗಟ್ಟಿಯಾಗಿದ್ದಾರೆ, ನನ್ನ ಬೆರಳುಗಳೂ ನೆಟ್ಟಗಿವೆ.

ಹರಕೆ ಮುಗಿಸಿ ಕ್ಲಿನಿಕ್ಕಿಗೆ ಹೋದ ದಿನ ನಮಸ್ಕರಿಸಲು ಬಗ್ಗಿದರೆ ಸಿಸ್ಟರ್ ಭುಜ ಹಿಡಿದು ತಡೆದರು. "ನನ್ನ ಕಾಲು ಬಿಡ್ರಿ, ನಿಮ್ಮವು ನೋಡ್ಕೋರಿ."

ನಾನು ಸಂಭಾಜಿನಗರಕ್ಕೆ ವರ್ಗವಾದ ಮೇಲೆ ಅವರು ತೀರಿಹೋದರೆಂಬ ಸುದ್ದಿ ಬಂತು. ನಾಸಿಕ್‌ಗೆ ಧಾವಿಸಿದೆ. ತಡೆಯುವ ಕೈಗಳು ಸುಮ್ಮನಿದ್ದವು. ಮೊದಲ ಸಲ ಅವರ ಪಾದ ಮುಟ್ಟಿದೆ. ಹಿಮ್ಮಡಿಗಳು ಪೂರಾ ಒಡೆದಿದ್ದವು. ಅಲ್ಲೇ ಕೂತು ಅತ್ತೆ.

ಮನೆಗೆ ಮರಳಿ, ಕಾಲು ತೊಳೆದು ಒರೆಸಿ, ಅವರ ಕನ್ನಡಿ ತೆಗೆದು ಅಂಗಾಲು ನೋಡಿಕೊಂಡೆ.