ತೀರ್ಥ ಬಿದ್ದ ಡ್ರಮ್ಮು

ಲಗ್ಗೆರೆಯ ನೀಲಗಂಗಮ್ಮನದು ಜೋರು ಬಾಯಿ ಎಂದು ನಮ್ಮ ಬೀದಿಯವರೆಲ್ಲ ದೂರುತ್ತಿದ್ದರು. ನನಗಂತೂ ಆ ಬಾಯಿ ಇಷ್ಟ. ಫೋಮ್ ಶೆಡ್ಡಿನಲ್ಲಿ ವರ್ಷಗಟ್ಟಲೆ ಪ್ಯಾಕಿಂಗ್ ಮಾಡಿದವಳು, ಗಂಡಸರ ಕೆಲಸವೆಂದು ಮೂಗು ಮುರಿದವರ ಎದುರೇ ಮಾಲೀಕ ಶ್ಯಾಮಸುಂದರನ ಹತ್ತಿರ ಜಗಳವಾಡಿ ಮಿಕ್ಸರ್ ಕೆಲಸ ಗಿಟ್ಟಿಸಿಕೊಂಡಿದ್ದಳು.

2007ರ ದಸರೆಯ ಹೊತ್ತಿಗೆ ಶೆಡ್ಡಿಗೆ ಹೊಸ ನ್ಯಾನೋ ಪುಡಿ ಬಂತು. ಮುಖಕ್ಕೆ ಹಚ್ಚುವ ಪೌಡರಿಗಿಂತ ಎಷ್ಟೋ ನಯವಾದ ಜೇಡಿಮಣ್ಣು. ಫೋಮಿನ ದ್ರಾವಣಕ್ಕೆ ಚೂರು ಬೆರೆಸಿದರೆ ಸಾಕು, ಕಣಕಣದ ಮೇಲೂ ಗುಳ್ಳೆ ಹುಟ್ಟಿ ರಂಧ್ರಗಳೆಲ್ಲ ಸಣ್ಣವಾಗಿ, ಒಂದೇ ಸಮ ಬರುತ್ತಿದ್ದವು. ಮಲಗಿದಲ್ಲೇ ಇರುವ ರೋಗಿಗಳ ಹಾಸಿಗೆಗೆ ಅಂಥದ್ದೇ ಬೇಕಿತ್ತು.

ಆಯುಧಪೂಜೆಗೆ ಚಂದ್ರಾ ಲೇಔಟ್‌ನಿಂದ ಮಾಲೀಕನ ತಾಯಿ ಲಕ್ಷ್ಮಿದೇವಮ್ಮ ಬಂದು ಯಂತ್ರಗಳಿಗೆಲ್ಲ ತೀರ್ಥ ಚಿಮುಕಿಸಿದರು. ಮಗ ಹೊರಗೆ ಟೆಂಪೋ ಮುಂದೆ ಕುಂಬಳಕಾಯಿ ಒಡೆಯುತ್ತಿದ್ದ. ಹೊಸ ಪುಡಿಗೂ ಒಂದು ಹನಿ ಬೀಳಲಿ ಎಂದು ಅವರು ಅಂದಾಗ ನೀಲಗಂಗಮ್ಮ ಭಕ್ತಿಯಿಂದಲೇ ಪುಡಿಯ ಡ್ರಮ್ಮಿನ ಮುಚ್ಚಳ ತೆಗೆದಳು.

ರಜೆ ಮುಗಿದ ಕೂಡಲೇ ಹಾಸಿಗೆ ಕಂಪನಿಯವರು ಬಂದರು. ಆರ್ಡರ್ ಕೊಡುವ ಮುನ್ನ ಅವರ ಕಣ್ಣೆದುರೇ ಫೋಮಿನ ಬ್ಲಾಕ್ ಎರೆದು ತೋರಿಸಬೇಕಿತ್ತು. ನೀಲಗಂಗಮ್ಮ ಪುಡಿ ತೂಗಿ ಹಿಡಿದು ನಿಂತಿದ್ದಳು. ಈ ಪುಡಿ ತೇವ ಹೀರುತ್ತದೆ, ಲೆಕ್ಕ ಮೀರಿ ನೀರು ಸೇರಿದರೆ ಗ್ಯಾಸು ಹೆಚ್ಚಿ ಫೋಮ್ ಬಿರಿದುಹೋಗುತ್ತದೆ ಎಂದು ಶ್ಯಾಮಸುಂದರ ಅವರಿಗೆ ವಿವರಿಸುತ್ತಿದ್ದ. ಅವಳಿಗೆ ಡ್ರಮ್ಮಿಗೆ ಬಿದ್ದ ತೀರ್ಥ ನೆನಪಾಯಿತು. ಹೇಳಿದರೆ ಮತ್ತೆ ಪ್ಯಾಕಿಂಗ್ ಮೇಜೇ ಗತಿ. ಹೇಳದಿದ್ದರೆ ಆರ್ಡರೂ ಹೋಗುತ್ತದೆ, ಶೆಡ್ಡಿನ ಮಾನವೂ ಹೋಗುತ್ತದೆ. ಮಿಕ್ಸರ್ ತಿರುಗತೊಡಗಿತು. ಪುಡಿ ಹಾಕುವಂತೆ ಶ್ಯಾಮಸುಂದರ ಕೈ ಮಾಡಿದ.

ಅವಳು ಸ್ವಿಚ್ ಆರಿಸಿದಳು.

"ಇದು ಬೇಡ ಸಾರ್. ಪೂಜೆ ದಿನ ಇದಕ್ಕೆ ತೀರ್ಥ ಬಿದ್ದಿದೆ. ಮುಚ್ಚಳ ತೆಗ್ದಿದ್ದು ನಾನೇ."

ಕಂಪನಿಯವರು ಮುಖ ಮುಖ ನೋಡಿಕೊಂಡರು. ಶ್ಯಾಮಸುಂದರ ಇನ್ನೂ ಒಡೆಯದ ಪುಡಿಯ ಚೀಲವೊಂದನ್ನು ತಂದು ಶೆಡ್ಡಿನ ಇನ್ನೊಬ್ಬ ಕೆಲಸಗಾರ ಮುರುಗೇಶನ ಕೈಗೆ ಕೊಟ್ಟ. ಅವಳಿಗೆ ಪ್ಯಾಕಿಂಗ್ ಮೇಜು ತೋರಿಸಿದ. ಮಿಕ್ಸರಿಗೆ ಬೆನ್ನು ಹಾಕಿ ನಿಂತ ನೀಲಗಂಗಮ್ಮನಿಗೆ ಸದ್ದು ಮಾತ್ರ ಕೇಳುತ್ತಿತ್ತು. ಬ್ಲಾಕ್ ಉಬ್ಬಿತು, ಬಿರಿಯಲಿಲ್ಲ. ಕೊಯ್ದು ನೋಡಿದರೆ ಒಳಗೆಲ್ಲ ಹದವಾಗಿ ಬೆಂದ ಇಡ್ಲಿಯ ಹಾಗೆ ಒಂದೇ ಸಮನಾದ ಸಣ್ಣ ತೂತುಗಳು. ಬಂದವರು ಒಪ್ಪಿಕೊಂಡು ಹೋದರು.

ಆಮೇಲೆ ಶ್ಯಾಮಸುಂದರ ಮೇಜಿನ ಹತ್ತಿರ ಬಂದು, ತೀರ್ಥ ಹಾಕಿದವರು ಯಾರೆಂದು ಕೇಳಿದ. ಆ ಜೋರು ಬಾಯಿ ಈ ಪ್ರಶ್ನೆಗೆ ಮಾತ್ರ ತೆರೆಯಲಿಲ್ಲ. ತನ್ನ ತಾಯಿಯೇ ಎಂದು ಅವನಿಗೆ ಅರ್ಥವಾಯಿತು.

"ಮಿಕ್ಸರ್ ಹತ್ರ ನಡೀರಿ," ಎಂದ. "ನಮ್ಮಮ್ಮನಿಗೆ ಬೇಡ ಅನ್ನೋ ಧೈರ್ಯ ನನಗಿಲ್ಲ. ಮುಂದಿನ ವರ್ಷ ನೀವೇ ಹೇಳ್ಬೇಕು."

"ಹೇಳ್ತೀನಿ ಬಿಡಿ ಸಾರ್," ಎಂದು ನೀಲಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.